ಹೊಗೆಕೊಳವೆಯೂ ಅಶ್ವಶಕ್ತಿಯೂ

ವೇಗದ ಕಾರುಗಳಲ್ಲಿ ಆಸಕ್ತಿಯುಳ್ಳವರು ಕಾರನ್ನು ಕೊಂಡ ಮೇಲೆ ಮೊದಲು ಬದಲಿಸಲು ಹೊರಡುವ ಭಾಗ ಬಹುಮಟ್ಟಿಗೆ ಅದರ ಹೊಗೆಕೊಳವೆಯೇ ಆಗಿರುತ್ತದೆ. ಕಾರ್ಖಾನೆಯಿಂದ ಬಂದ ಕಿರಿದಾದ ಕೊಳವೆಯನ್ನೂ ಸೈಲೆನ್ಸರನ್ನೂ ತೆಗೆದು, ಅವುಗಳ ಸ್ಥಾನದಲ್ಲಿ ಮೂರು ಅಂಗುಲ ವ್ಯಾಸದ ಹೊಳೆಯುವ ಉಕ್ಕಿನ ಕೊಳವೆಯನ್ನು ಕೂರಿಸಿದರೆ ಎಂಜಿನಿನ ಸಾಮರ್ಥ್ಯ 20 ಅಥವಾ 30 ಅಶ್ವಶಕ್ತಿಯಷ್ಟು ಏರುವುದೆಂದು ಮಾರುವವರು ಹೇಳುವುದುಂಟು. ಕೊಂಡವರೂ ಅದನ್ನೇ ಪುನರುಚ್ಚರಿಸುತ್ತಾರೆ. ಟರ್ಬೊ ಅಳವಡಿಸಿದ ಕಾರುಗಳ ವಿಷಯದಲ್ಲಂತೂ ಈ ನಂಬಿಕೆ ಇನ್ನೂ ದೃಢವಾಗಿದೆ. ಇದು ನಿಜವೇ? ನಿಜವಾದರೆ ಎಷ್ಟರಮಟ್ಟಿಗೆ ನಿಜ?

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವುದು ಲೇಸು. ಹೊಗೆಕೊಳವೆ ತಾನಾಗಿ ಸಾಮರ್ಥ್ಯವನ್ನು ಉಂಟುಮಾಡುವುದಿಲ್ಲ. ಸಾಮರ್ಥ್ಯಕ್ಕೆ ಒದಗಿರುವ ಅಡ್ಡಿಯಲ್ಲಿ ಒಂದಂಶವನ್ನು ಕಳೆಯುತ್ತದೆ, ಅಷ್ಟೆ. ಆ ಅಡ್ಡಿ ಎಷ್ಟಿತ್ತೆಂಬುದನ್ನು ಅರಿಯದೆ ಲಾಭ ಇಷ್ಟೆಂದು ಹೇಳುವ ಮಾತಿಗೆ ಬೆಲೆಯಿಲ್ಲ. ಅಳೆಯಬಲ್ಲ ಸಂಗತಿಯನ್ನು ಅಳೆಯದೆ ನಂಬುವ ಅಭ್ಯಾಸದಿಂದ ಹಣ ಮಾತ್ರವೇ ಅಲ್ಲ, ಕೆಲವೊಮ್ಮೆ ಎಂಜಿನೂ, ನೆರೆಯವರ ಗಾಳಿಯೂ ಹಾಳಾಗುತ್ತವೆ. ಈ ಮಾತುಗಳನ್ನು ಸಮರ್ಥಿಸಲು ಭೌತಶಾಸ್ತ್ರದ ಕೆಲವು ಸರಳ ತತ್ತ್ವಗಳು ಸಾಕು.

ಪೆಟ್ರೋಲು ಎಂಜಿನೆಂಬುದು ಮೂಲತಃ ಗಾಳಿಯ ಯಂತ್ರ. ಒಂದು ಕಿಲೋಗ್ರಾಂ ಪೆಟ್ರೋಲು ಸಂಪೂರ್ಣವಾಗಿ ದಹಿಸಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಸಿಲಿಂಡರಿಗೆ ಹೆಚ್ಚು ಪೆಟ್ರೋಲನ್ನು ಊಡುವುದು ಸುಲಭ. ಹೆಚ್ಚು ಗಾಳಿಯನ್ನು ತುಂಬುವುದೇ ಕಷ್ಟ. ಆದ್ದರಿಂದ ಎಂಜಿನಿನ ಸಾಮರ್ಥ್ಯ ಹೆಚ್ಚಿತೆಂದು ಯಾರಾದರೂ ಹೇಳಿದರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಒಂದು ಸೆಕೆಂಡಿಗೆ ಒಳಹೋಗುವ ಗಾಳಿಯ ತೂಕ ಹೆಚ್ಚಿತೆ? ಎರಡನೆಯದು: ಎಂಜಿನು ತನ್ನ ಸ್ವಂತ ಉಸಿರಾಟಕ್ಕಾಗಿ ವ್ಯಯಿಸುತ್ತಿದ್ದ ಶ್ರಮ ಕಡಮೆಯಾಯಿತೆ? ಇವೆರಡರಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ದೊರೆಯದಿದ್ದಲ್ಲಿ ಸಾಮರ್ಥ್ಯ ಹೆಚ್ಚಿರುವ ಸಂಭವ ಬಹಳ ಕಡಮೆ.

ಗಾಳಿಯನ್ನು ಒತ್ತಿ ತುಂಬುವ ಉಪಾಯವೇ ಟರ್ಬೊ. ಸಿಲಿಂಡರಿನಿಂದ ಹೊರಬೀಳುವ ಬಿಸಿ ಅನಿಲದಲ್ಲಿ ಪೆಟ್ರೋಲಿನ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ವ್ಯರ್ಥವಾಗಿ ಹೊರಟುಹೋಗುತ್ತದೆ. ಅದರಿಂದ ಒಂದು ಟರ್ಬೈನನ್ನು ತಿರುಗಿಸಿ, ಅದೇ ಅಚ್ಚಿನ ಮತ್ತೊಂದು ತುದಿಯಲ್ಲಿರುವ ಸಂಪೀಡಕದಿಂದ ಹೊಸ ಗಾಳಿಯನ್ನು ಒತ್ತಿ ಎಂಜಿನಿಗೆ ಕಳುಹಿಸಬಹುದೆಂಬ ಆಲೋಚನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಪಡೆದನು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ಒಂದು ಲಿಬರ್ಟಿ ವಿಮಾನ ಎಂಜಿನನ್ನು ಕೊಲರಾಡೊ ಪ್ರಾಂತದ ಪೈಕ್ಸ್ ಶಿಖರದ ಮೇಲೆ, ಸುಮಾರು 4300 ಮೀಟರು ಎತ್ತರಕ್ಕೆ, ಕೊಂಡೊಯ್ದು ಪರೀಕ್ಷಿಸಿದನು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ಹಾಗಿದ್ದರೂ ಟರ್ಬೊದ ನೆರವಿನಿಂದ ಆ ಎಂಜಿನು ಸಮುದ್ರಮಟ್ಟದಲ್ಲಿ ಕೊಡುತ್ತಿದ್ದ ಸಾಮರ್ಥ್ಯವನ್ನೇ ಅಲ್ಲಿಯೂ ಕೊಟ್ಟಿತು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಮತ್ತು ಷೆವ್ರೊಲೆ ಕಾರುಗಳಲ್ಲಿಯೂ, 1970ರ ದಶಕದಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಹಾಗೂ ಪೋರ್ಷೆ ಕಾರುಗಳಲ್ಲಿಯೂ ಟರ್ಬೊ ಕಾಣಿಸಿಕೊಂಡಿತು.

ಪೈಕ್ಸ್ ಶಿಖರದ ಪ್ರಯೋಗದಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಒಂದು ಸುಳಿವು ಅಡಗಿದೆ. ಟರ್ಬೈನನ್ನು ತಿರುಗಿಸುವುದು ಅದರ ಮುಂದಿರುವ ಒತ್ತಡವೊಂದೇ ಅಲ್ಲ. ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರುವ ಅನುಪಾತ. ಜಲಚಕ್ರವನ್ನು ತಿರುಗಿಸುವುದು ನೀರು ಬೀಳುವ ಎತ್ತರವಾದಂತೆ ಇಲ್ಲಿ ಈ ಅನುಪಾತ. ಶಿಖರದಲ್ಲಿ ಹೊರಗಿನ ಒತ್ತಡ ತಗ್ಗಿದ್ದುದರಿಂದ ಟರ್ಬೈನಿಗೆ ಅನುಕೂಲವೇ ಆಯಿತು. ಶಿಖರವನ್ನೇರದೆಯೇ ಇಂಥ ಅನುಕೂಲವನ್ನು ಪಡೆಯುವ ದಾರಿಯೊಂದುಂಟು. ಟರ್ಬೈನಿನ ಹಿಂದಿರುವ ಕೊಳವೆ, ಕ್ಯಾಟಲಿಟಿಕ್ ಕನ್ವರ್ಟರು, ಸೈಲೆನ್ಸರು ಇವು ಅನಿಲದ ಹರಿವನ್ನು ತಡೆದು ಅಲ್ಲಿ ಒತ್ತಡವನ್ನು ಏರಿಸುತ್ತವೆ. ಆ ತಡೆಯನ್ನು ಕಡಮೆ ಮಾಡಿದರೆ ಟರ್ಬೈನಿಗೆ ಅಷ್ಟು ಸಹಾಯವಾಗುತ್ತದೆ. ಹೀಗೆ ಹೊಗೆಕೊಳವೆಯ ಪರವಾದ ವಾದಕ್ಕೆ ಆಧಾರವಿರುವುದು ನಿಜ. ಆದರೆ ಆಧಾರವಿದೆ ಎಂದ ಮಾತ್ರಕ್ಕೆ ಅಂಕಿ ಸರಿಯೆಂದಾಗುವುದಿಲ್ಲ.

ಒಂದು ನಿಜವಾದ ಕಾರನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಜಪಾನಿನ ಸುಬಾರು ಸಂಸ್ಥೆ ಇಂಪ್ರೆಜಾ ಡಬ್ಲ್ಯು.ಆರ್.ಎಕ್ಸ್. ಎಸ್.ಟಿ.ಐ. ಎಂಬ ಕಾರನ್ನು 2003ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಅದರ ಎಂಜಿನು ನಾಲ್ಕು ಸಿಲಿಂಡರುಗಳದು, ಗಾತ್ರ 2.5 ಲೀಟರು, ಟರ್ಬೊ ಒಂದು. ತಯಾರಕರು ಸಾರಿದ ಸಾಮರ್ಥ್ಯ 6000 ಸುತ್ತುಗಳಲ್ಲಿ 300 ಅಶ್ವಶಕ್ತಿ. ಹೊಗೆಕೊಳವೆ ಬದಲಿಸುವವರಿಗೆ ಬಹು ಪ್ರಿಯವಾದ ಕಾರುಗಳಲ್ಲಿ ಇದೂ ಒಂದು.

ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ ನೂರು. ಎರಡು ಸುತ್ತಿಗೊಮ್ಮೆ ಪ್ರತಿಯೊಂದು ಸಿಲಿಂಡರೂ ತುಂಬುವುದರಿಂದ ಸೆಕೆಂಡಿಗೆ 125 ಲೀಟರು ಗಾಳಿಗೆ ಎಡೆಯುಂಟು. ಟರ್ಬೊ ಈ ಗಾಳಿಯನ್ನು ಹೊರಗಿನ ಒತ್ತಡಕ್ಕಿಂತ ಸುಮಾರು ಒಂದು ಬಾರ್ ಹೆಚ್ಚಾಗಿ ಒತ್ತಿರುತ್ತದೆಂದು ಇಟ್ಟುಕೊಳ್ಳೋಣ. ಬಾರ್ ಎಂದರೆ ಸರಿಸುಮಾರು ಸಮುದ್ರಮಟ್ಟದಲ್ಲಿನ ವಾಯುವಿನ ಒತ್ತಡ. ಒಟ್ಟು ಎರಡು ಬಾರ್ ಒತ್ತಡದಲ್ಲಿ, ಸಿಲಿಂಡರು ಪೂರ್ತಿಯಾಗಿ ತುಂಬದೆ ಹತ್ತನೆಯ ಒಂದು ಪಾಲು ಕೊರತೆ ಬೀಳುವುದನ್ನೂ ಗಣಿಸಿದರೆ, ಸೆಕೆಂಡಿಗೆ ಸುಮಾರು ಕಾಲು ಕಿಲೋಗ್ರಾಂ ಗಾಳಿ ಒಳಹೋಗುತ್ತದೆ. ಪೂರ್ಣ ವೇಗದಲ್ಲಿ ಟರ್ಬೊ ಎಂಜಿನಿಗೆ ಸ್ವಲ್ಪ ಅಧಿಕವಾಗಿಯೇ ಪೆಟ್ರೋಲು ಊಡುವುದು ವಾಡಿಕೆ. ಹನ್ನೆರಡು ಪಾಲು ಗಾಳಿಗೆ ಒಂದು ಪಾಲೆಂದರೆ ಸೆಕೆಂಡಿಗೆ 20 ಗ್ರಾಂ. ಅದರ ಉಷ್ಣಶಕ್ತಿ ಸುಮಾರು 900 ಕಿಲೋವಾಟ್. ಅದರಲ್ಲಿ ಕಾಲುಭಾಗ ಕೆಲಸಕ್ಕೆ ಬಂದರೆ 225 ಕಿಲೋವಾಟ್, ಎಂದರೆ 300 ಅಶ್ವಶಕ್ತಿ. ತಯಾರಕರ ಅಂಕಿಗೂ ನಮ್ಮ ಲೆಕ್ಕಕ್ಕೂ ಹೊಂದಿಕೆಯಿದೆ.

ಈಗ ಟರ್ಬೊದ ಕಡೆಗೆ ತಿರುಗೋಣ. ಅಷ್ಟು ಗಾಳಿಯನ್ನು ಎರಡು ಬಾರ್‌ಗೆ ಒತ್ತಲು ಸಂಪೀಡಕಕ್ಕೆ ಸುಮಾರು 22 ಕಿಲೋವಾಟ್, ಅಂದರೆ 30 ಅಶ್ವಶಕ್ತಿ ಬೇಕು. ಇದನ್ನು ಟರ್ಬೈನು ಒದಗಿಸಬೇಕು. ಹೊರಬರುವ ಅನಿಲದ ಉಷ್ಣತೆ ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಇರುವುದರಿಂದ, ಟರ್ಬೈನಿನ ಮುಂದಿನ ಒತ್ತಡ ಹಿಂದಿನ ಒತ್ತಡದ ಒಂದೂವರೆಯಷ್ಟಿದ್ದರೆ ಈ ಕೆಲಸ ನಡೆಯುತ್ತದೆ. ಕಾರ್ಖಾನೆಯ ಕೊಳವೆ ಟರ್ಬೈನಿನ ಹಿಂದೆ 0.3 ಬಾರ್ ತಡೆಯೊಡ್ಡುತ್ತದೆಂದು ಭಾವಿಸೋಣ. ಆಗ ಹಿಂದಿನ ಒತ್ತಡ 1.3, ಮುಂದಿನದು ಅದರ ಒಂದೂವರೆ, ಅಂದರೆ 1.95 ಬಾರ್. ಅಗಲವಾದ ಕೊಳವೆಯನ್ನು ಹಾಕಿ ತಡೆಯನ್ನು 0.1 ಬಾರ್‌ಗೆ ಇಳಿಸಿದರೆ ಹಿಂದಿನದು 1.1 ಆಗಿ, ಮುಂದಿನದು 1.65ಕ್ಕೆ ಇಳಿಯುತ್ತದೆ. ವಾಚಕರು ಗಮನಿಸಬೇಕಾದ ಅಂಶವಿದು: ಕೊಳವೆಯಲ್ಲಿ ಕಳೆದ ತಡೆ 0.2 ಬಾರ್, ಆದರೆ ಸಿಲಿಂಡರಿನ ಬಾಯಲ್ಲಿ ಇಳಿದುದು 0.3 ಬಾರ್. ಟರ್ಬೈನು ಸನ್ನೆಗೋಲಿನಂತೆ ವರ್ತಿಸಿ ಲಾಭವನ್ನು ಒಂದೂವರೆಯಷ್ಟಾಗಿಸಿತು. ಟರ್ಬೊ ಇಲ್ಲದ ಕಾರಿಗಿಂತ ಟರ್ಬೊ ಕಾರಿನಲ್ಲಿ ಕೊಳವೆಗೆ ಹೆಚ್ಚು ಮಹತ್ತ್ವವೆಂಬ ಮಾತಿನ ತಿರುಳು ಇಷ್ಟು.

ಈ 0.3 ಬಾರ್‌ನಿಂದ ಸಾಮರ್ಥ್ಯವೆಷ್ಟು ಉಳಿಯಿತು? ಒತ್ತಡವನ್ನು ಸೆಕೆಂಡಿಗೆ ಸಾಗುವ 125 ಲೀಟರು ಗಾತ್ರದಿಂದ ಗುಣಿಸಿದರೆ 3.75 ಕಿಲೋವಾಟ್ ಬರುತ್ತದೆ, ಅಂದರೆ ಐದು ಅಶ್ವಶಕ್ತಿ. ಪಿಸ್ಟನುಗಳು ಹೊಗೆಯನ್ನು ಹೊರದೂಡಲು ಪಡುತ್ತಿದ್ದ ಶ್ರಮದಲ್ಲಿ ಆದ ಉಳಿತಾಯವಿದು. ಇದಲ್ಲದೆ ಸಿಲಿಂಡರಿನಲ್ಲಿ ಉಳಿದುಹೋಗುವ ಹಳೆಯ ಹೊಗೆ ಕಡಮೆಯಾಗಿ ಹೊಸ ಗಾಳಿಗೆ ಸ್ವಲ್ಪ ಸ್ಥಳ ದೊರೆಯುತ್ತದೆ. ಅದರಿಂದಲೂ ಸರಿಸುಮಾರು ಅಷ್ಟೇ ಲಾಭ. ಒಟ್ಟಿನಲ್ಲಿ 300 ಅಶ್ವಶಕ್ತಿಗೆ ಹತ್ತು, ಎಂದರೆ ಶೇಕಡ ಮೂರಕ್ಕೆ ಸ್ವಲ್ಪ ಮೇಲೆ. ಇದು ಟರ್ಬೈನಿನಿಂದ ಬಾಲದವರೆಗೆ ಇಡೀ ಕೊಳವೆಯನ್ನು ಬದಲಿಸಿದಾಗಿನ ಮಾತು. ಬಹುಮಂದಿ ಬದಲಿಸುವುದು ಹಿಂದಿನ ಸೈಲೆನ್ಸರನ್ನು ಮಾತ್ರ. ಅಲ್ಲಿ ತಗ್ಗುವ ತಡೆ 0.04 ಬಾರ್ ಎಂದಿಟ್ಟುಕೊಂಡರೆ ಲಾಭ ಎರಡು ಅಶ್ವಶಕ್ತಿ. ಊಹೆಯ ಅಂಕಿಗಳನ್ನು ಅತ್ತಿತ್ತ ಸ್ವಲ್ಪ ಬದಲಾಯಿಸಿದರೂ ಈ ಎರಡು ಮೂವತ್ತಾಗಲಾರದು.

ಹಾಗಾದರೆ ಮೂವತ್ತು ಅಶ್ವಶಕ್ತಿ ಎಲ್ಲಿಂದ ಬಂತು? ಸಂಪೂರ್ಣ ಸುಳ್ಳೆಂದು ಅದನ್ನು ತಳ್ಳಿಹಾಕುವಂತಿಲ್ಲ. ಕೊಳವೆಯನ್ನು ಬದಲಿಸುವ ಅನೇಕರು ಅದರೊಡನೆಯೇ ಎಂಜಿನನ್ನು ಆಳುವ ಗಣಕದ ಆದೇಶಗಳನ್ನೂ ಬದಲಿಸುತ್ತಾರೆ. ಟರ್ಬೊದ ಒತ್ತಡವನ್ನು 1 ಬಾರ್‌ನಿಂದ 1.2 ಬಾರ್‌ಗೆ ಏರಿಸಿದರೆ ಒಟ್ಟು ಒತ್ತಡ 2ರಿಂದ 2.2ಕ್ಕೆ ಹೋಗುತ್ತದೆ. ಗಾಳಿ ಶೇಕಡ ಹತ್ತರಷ್ಟು ಹೆಚ್ಚಿ, ಅದಕ್ಕೆ ತಕ್ಕ ಪೆಟ್ರೋಲೂ ಸೇರಿ, ಸಾಮರ್ಥ್ಯವೂ ಸುಮಾರು ಅಷ್ಟೇ ಏರುತ್ತದೆ. ಮೂನ್ನೂರಕ್ಕೆ ಮೂವತ್ತು! ಕೆಲಸ ಮಾಡಿದುದು ಗಾಳಿ, ಕೀರ್ತಿ ಬಂದುದು ಕೊಳವೆಗೆ. ಆದರೆ ಇಲ್ಲಿ ಕೊಳವೆಗೂ ನ್ಯಾಯ ಸಲ್ಲಬೇಕು. ಅನಿಲದ ಹರಿವು ಹೆಚ್ಚಿದಂತೆ ಕೊಳವೆಯ ತಡೆ ಹರಿವಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹರಿವು ಇಮ್ಮಡಿಯಾದರೆ ತಡೆ ನಾಲ್ಮಡಿ. ಎಂಜಿನಿನ ಸಾಮರ್ಥ್ಯವನ್ನು ಮೂರನೆಯ ಒಂದು ಪಾಲಿನಷ್ಟು ಏರಿಸಬೇಕೆಂದಿರುವವನಿಗೆ ಕಾರ್ಖಾನೆಯ ಕೊಳವೆಯ 0.3 ಬಾರ್ ತಡೆ ಅರ್ಧ ಬಾರ್‌ಗೂ ಮೀರಿ ಬೆಳೆದು ನಿಜವಾದ ಅಡ್ಡಿಯಾಗುತ್ತದೆ. ಅಂಥವನಿಗೆ ಅಗಲವಾದ ಕೊಳವೆ ಅಗತ್ಯವೇ ಸರಿ. ಏನನ್ನೂ ಬದಲಿಸದ ಕಾರಿಗೆ ಅದು, ಜನಸಂಚಾರವಿಲ್ಲದ ಊರಿನ ಹೆದ್ದಾರಿಯಂತೆ, ಬಹುಪಾಲು ಅಲಂಕಾರ.

ವರ್ಗದ ಈ ನಿಯಮದಿಂದ ಇನ್ನೊಂದು ವಾದವನ್ನೂ ಪರೀಕ್ಷಿಸಬಹುದು. ಹೊಸ ಕೊಳವೆಯಿಂದ ಗರಿಷ್ಠ ಸಾಮರ್ಥ್ಯ ಹೆಚ್ಚದಿದ್ದರೂ ಟರ್ಬೊ ಬೇಗನೆ ಎಚ್ಚರಗೊಳ್ಳುತ್ತದೆಂದು ಕೆಲವರು ಹೇಳುತ್ತಾರೆ. ತತ್ತ್ವತಃ ಇದು ಸರಿ. ಆದರೆ ಎಂಜಿನು ನಿಧಾನವಾಗಿ ತಿರುಗುವಾಗ ಅನಿಲದ ಹರಿವೇ ಅಲ್ಪ. ಗರಿಷ್ಠ ಹರಿವಿನ ಮೂರನೆಯ ಒಂದು ಪಾಲಿನಲ್ಲಿ ತಡೆ ಒಂಬತ್ತನೆಯ ಒಂದು ಪಾಲಾಗಿ, ನಮ್ಮ ಉದಾಹರಣೆಯಲ್ಲಿ 0.03 ಬಾರ್ ಮಾತ್ರ ಉಳಿಯುತ್ತದೆ. ಅದನ್ನು ಪೂರ್ತಿ ತೆಗೆದರೂ ಆಗುವ ಉಪಕಾರ ಸ್ವಲ್ಪವೇ. ಟರ್ಬೈನಿಗೆ ಅಂಟಿಕೊಂಡಿರುವ ಮೊದಲ ತಿರುವಿನ ಆಕಾರ ಕೆಟ್ಟದಾಗಿದ್ದಲ್ಲಿ ಅದನ್ನು ತಿದ್ದುವುದರಿಂದ ಗುಣವುಂಟು. ಬಾಲದ ತುದಿಯ ಹೊಳೆಯುವ ಭಾಗದಿಂದ ಅಲ್ಲ.

ಇದಕ್ಕೆ ತದ್ವಿರುದ್ಧವಾದ ಮತ್ತೊಂದು ನಂಬಿಕೆಯೂ ಪ್ರಚಾರದಲ್ಲಿದೆ: ಎಂಜಿನಿಗೆ ಸ್ವಲ್ಪ ಹಿಮ್ಮುಖ ಒತ್ತಡ ಇರಲೇಬೇಕು, ಇಲ್ಲದಿದ್ದರೆ ಎಳೆತ ಕುಂದುತ್ತದೆ, ಎಂಬುದು. ಟರ್ಬೊ ಇಲ್ಲದ ಎಂಜಿನಿನಲ್ಲಿ ಕೊಳವೆಯ ಉದ್ದ ಮತ್ತು ವ್ಯಾಸಗಳು ಒತ್ತಡದ ಅಲೆಗಳನ್ನು ಸಕಾಲದಲ್ಲಿ ಹಿಂದಿರುಗಿಸಿ ಸಿಲಿಂಡರನ್ನು ಖಾಲಿಮಾಡಲು ನೆರವಾಗುತ್ತವೆ. ವ್ಯಾಸವನ್ನು ಮಿತಿಮೀರಿ ಹಿಗ್ಗಿಸಿದರೆ ಆ ನೆರವು ತಪ್ಪಿಹೋಗುತ್ತದೆ. ಅಲ್ಲಿ ಬೇಕಾದುದು ಅಲೆಗಳ ಹೊಂದಾಣಿಕೆಯೇ ಹೊರತು ತಡೆಯಲ್ಲ. ಟರ್ಬೊ ಎಂಜಿನಿನಲ್ಲಿಯಂತೂ ಟರ್ಬೈನು ಆ ಅಲೆಗಳ ಬಹುಭಾಗವನ್ನು ನುಂಗಿಬಿಡುತ್ತದೆ. ಅದರ ಹಿಂದಿನ ತಡೆ ಕಡಮೆಯಾದಷ್ಟೂ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಪ್ರಶ್ನೆಯಿರುವುದು ಎಷ್ಟು ಒಳ್ಳೆಯದೆಂಬುದರಲ್ಲಿ ಮಾತ್ರ.

ಆ ಎಷ್ಟು ಎಂಬುದನ್ನು ಕಾರಿನ ಗಣಕವೂ ನಿರ್ಧರಿಸುತ್ತದೆ. ಟರ್ಬೊದ ಒತ್ತಡ ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ವೇಸ್ಟ್‌ಗೇಟ್ ಎಂಬ ಕಿರುಬಾಗಿಲು ತೆರೆದು ಹೆಚ್ಚಿನ ಅನಿಲವನ್ನು ಟರ್ಬೈನಿಗೆ ತಾಗದಂತೆ ಹೊರಕಳುಹಿಸುತ್ತದೆ. ಕೊಳವೆ ಸರಾಗವಾದರೆ ಬಾಗಿಲು ಇನ್ನೂ ಸ್ವಲ್ಪ ಅಗಲವಾಗಿ ತೆರೆದುಕೊಳ್ಳುತ್ತದೆ. ಟರ್ಬೊದ ಒತ್ತಡ ಇದ್ದಲ್ಲಿಯೇ ಇರುತ್ತದೆ. ಇತ್ತೀಚಿನ ಅನೇಕ ಕಾರುಗಳಲ್ಲಿ ಗಣಕವು ಎಳೆತ ಇಷ್ಟೇ ಇರಬೇಕೆಂದು ಲೆಕ್ಕಹಾಕಿ, ಅದನ್ನು ಮೀರಿದುದನ್ನು ತಾನೇ ಮೊಟಕುಗೊಳಿಸುವುದರಿಂದ, ಹೊಸ ಕೊಳವೆಯ ಅಲ್ಪ ಲಾಭವೂ ಕಾಣದೆ ಹೋಗಬಹುದು. ಇನ್ನು ಕೆಲವು ಕಾರುಗಳಲ್ಲಿ ಇದಕ್ಕೆ ವಿರುದ್ಧವಾದ ಅಪಾಯವಿದೆ. ವೇಸ್ಟ್‌ಗೇಟ್ ಕಿರಿದಾಗಿದ್ದರೆ ಪೂರ್ತಿ ತೆರೆದರೂ ಸಾಲದೆ, ಟರ್ಬೊದ ಒತ್ತಡ ಮಿತಿಮೀರಿ ಏರುತ್ತದೆ. ಆಗ ಪೆಟ್ರೋಲು ಗಾಳಿಗೆ ಸಾಲದಾಗಿ, ಮಿಶ್ರಣ ಅಕಾಲದಲ್ಲಿ ಸಿಡಿದು, ಪಿಸ್ಟನುಗಳು ಒಡೆಯುವ ಸಂಭವವುಂಟು. ಅಲ್ಪ ಲಾಭವನ್ನರಸಿ ಮೂಲಕ್ಕೇ ಮೋಸವಾಗುವುದೆಂದರೆ ಇದೇ.

ಇಷ್ಟಾದರೂ ಕಾರು ನಿಶ್ಚಯವಾಗಿ ಚುರುಕಾಯಿತೆಂದು ಕೊಂಡವರು ಹೇಳುತ್ತಾರಲ್ಲ? ಅವರು ಬೇಕೆಂದು ಸುಳ್ಳಾಡುತ್ತಾರೆಂದು ನಾವು ಹೇಳುವುದಿಲ್ಲ. ಆದರೆ ಮನುಷ್ಯನ ದೇಹ ಡೈನಮೋಮೀಟರಲ್ಲ. ಗಂಟೆಗೆ 80 ಕಿಲೋಮೀಟರಿನಿಂದ 120 ಕಿಲೋಮೀಟರಿಗೆ ಏರಲು ಐದು ಸೆಕೆಂಡು ಹಿಡಿಯುವ ಕಾರಿನ ಸಾಮರ್ಥ್ಯ ಶೇಕಡ ಮೂರರಷ್ಟು ಹೆಚ್ಚಿದರೆ ಉಳಿಯುವ ಕಾಲ ಒಂದೂವರೆ ದಶಮಾಂಶ ಸೆಕೆಂಡು. ಗಡಿಯಾರದ ಗುಂಡಿಯನ್ನೊತ್ತುವ ಬೆರಳು ತಡಮಾಡುವುದೇ ಅದಕ್ಕಿಂತ ಹೆಚ್ಚು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸ ಬೆನ್ನಿಗೆ ತಿಳಿಯಿತೆನ್ನುವವನು ನಿಜವಾಗಿ ಅರಿತದ್ದು ಕಿವಿಯಿಂದ. ಸದ್ದು ಹೆಚ್ಚಿದುದನ್ನು ವೇಗ ಹೆಚ್ಚಿತೆಂದು ಮನಸ್ಸು ತಿಳಿದುಕೊಳ್ಳುತ್ತದೆ. ತೆತ್ತ ಹಣವೂ ಆ ತಿಳಿವಳಿಕೆಗೆ ಒತ್ತಾಸೆಯಾಗಿ ನಿಲ್ಲುತ್ತದೆ.

ಡೈನಮೋಮೀಟರಿನ ಕಾಗದವನ್ನು ತೋರಿಸುವವರೂ ಇದ್ದಾರೆ. ಆ ಕಾಗದವನ್ನೂ ಎಚ್ಚರದಿಂದ ಓದಬೇಕು. ಹಳೆಯ ಕೊಳವೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿಯೂ, ಹೊಸದನ್ನು ಮರುದಿನ ಬೆಳಗಿನ ತಂಪಿನಲ್ಲಿಯೂ ಪರೀಕ್ಷಿಸಿದರೆ ಉಷ್ಣತೆಯ ಹತ್ತು ಡಿಗ್ರಿ ವ್ಯತ್ಯಾಸವೇ ಗಾಳಿಯ ಸಾಂದ್ರತೆಯನ್ನು ಶೇಕಡ ಮೂರರಷ್ಟು ಬದಲಿಸುತ್ತದೆ. ಕೊಳವೆಯಿಂದ ನಾವು ನಿರೀಕ್ಷಿಸುವ ಲಾಭವೂ ಇಷ್ಟೇ. ನಮ್ಮ ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಇನ್ನೂ ಒಂದು ತೊಡಕಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಮೇಲಿರುವ ಇಲ್ಲಿ ವಾಯುವಿನ ಒತ್ತಡ ಸುಮಾರು 0.91 ಬಾರ್. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಗೊತ್ತುಮಾಡಿರುವ ಪ್ರಮಾಣ ಒತ್ತಡ 0.99 ಬಾರ್. ಈ ಕೊರತೆಯನ್ನು ತುಂಬಲು ಯಂತ್ರವು ಅಳೆದ ಅಂಕಿಗೆ ಸುಮಾರು ಶೇಕಡ ಒಂಬತ್ತನ್ನು ಸೇರಿಸುತ್ತದೆ. ಟರ್ಬೊ ಇಲ್ಲದ ಎಂಜಿನಿಗೆ ಇದು ನ್ಯಾಯವೇ. ಆದರೆ ಎತ್ತರದಲ್ಲಿಯೂ ಒಳಗಿನ ಒತ್ತಡವನ್ನು ಕುಂದದಂತೆ ಕಾಯ್ದುಕೊಳ್ಳುವ ಟರ್ಬೊ ಎಂಜಿನು ಅಷ್ಟನ್ನು ಕಳೆದುಕೊಂಡೇ ಇರುವುದಿಲ್ಲ. ಕಳೆದುಕೊಳ್ಳದುದನ್ನು ಮರಳಿ ಸೇರಿಸಿದರೆ 300ಕ್ಕೆ 27 ಅಶ್ವಶಕ್ತಿ ಕಾಗದದ ಮೇಲೆಯೇ ಹುಟ್ಟಿಬಿಡುತ್ತದೆ! ಬದಲಾವಣೆಗೆ ಮುಂಚೆ ಅಳೆಯದೆ, ಅನಂತರದ ಅಂಕಿಯನ್ನು ತಯಾರಕರ ಅಂಕಿಯೊಡನೆ ಹೋಲಿಸುವವರಿಗೆ ಈ ಮೋಸ ತಪ್ಪಿದ್ದಲ್ಲ.

ಸರಿಯಾದ ಪರೀಕ್ಷೆಯ ರೀತಿ ಕಷ್ಟವಾದುದೇನೂ ಅಲ್ಲ. ಅದೇ ಕಾರು, ಅದೇ ಯಂತ್ರ, ಅದೇ ದಿನ, ಅದೇ ಪೆಟ್ರೋಲು. ಎಂಜಿನಿನ ಉಷ್ಣತೆ ಸಮನಾಗಿರಬೇಕು. ಟರ್ಬೊದ ಒತ್ತಡವನ್ನೂ ದಾಖಲೆ ಮಾಡಬೇಕು. ಹಳೆಯ ಕೊಳವೆಯೊಡನೆ ಕನಿಷ್ಠ ಮೂರು ಬಾರಿ, ಹೊಸದರೊಡನೆ ಮೂರು ಬಾರಿ ಅಳೆದು, ಸಾಧ್ಯವಾದರೆ ಹಳೆಯದನ್ನೇ ಮರಳಿ ಜೋಡಿಸಿ ಮತ್ತೊಮ್ಮೆ ಅಳೆಯಬೇಕು. ಒಂದೇ ಕೊಳವೆಯ ಮೂರು ಅಳತೆಗಳ ನಡುವಣ ಅಂತರಕ್ಕಿಂತ ಎರಡು ಕೊಳವೆಗಳ ನಡುವಣ ಅಂತರ ಹೆಚ್ಚಾಗಿದ್ದರೆ ಮಾತ್ರ ಲಾಭವಾಯಿತೆನ್ನಬಹುದು. ಇಂಟರ್‌ಮೀಡಿಯೆಟ್ ತರಗತಿಯ ಹುಡುಗನು ಪ್ರಯೋಗಶಾಲೆಯಲ್ಲಿ ಲೋಲಕದ ಕಾಲವನ್ನಳೆಯುವಾಗ ಪಾಲಿಸುವ ನಿಯಮವೇ ಇದು. ಲಕ್ಷ ರೂಪಾಯಿಯ ಸರಕನ್ನು ಮಾರುವವರು ಇಷ್ಟನ್ನು ಪಾಲಿಸಬೇಕೆಂದು ಕೇಳುವುದು ಅತಿಯಾದೀತೆ?

ಕೊನೆಯದಾಗಿ, ಹತ್ತು ಅಶ್ವಶಕ್ತಿಯ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನೂ ನೋಡಬೇಕು. ಕೊಳವೆಯಲ್ಲಿ ಅತಿ ಹೆಚ್ಚು ತಡೆಯೊಡ್ಡುವ ಭಾಗಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರೂ ಒಂದಾದುದರಿಂದ ಹಲವರು ಅದನ್ನೇ ಕಿತ್ತೊಗೆಯುತ್ತಾರೆ. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳ ಲೇಪವುಳ್ಳ ಆ ಜೇನುಗೂಡು ವಿಷಕರವಾದ ಕಾರ್ಬನ್ ಮಾನಾಕ್ಸೈಡನ್ನೂ, ಅರೆಬೆಂದ ಪೆಟ್ರೋಲಿನ ಅಂಶವನ್ನೂ, ನೈಟ್ರೊಜನ್ನಿನ ಆಕ್ಸೈಡುಗಳನ್ನೂ ಬಹುಮಟ್ಟಿಗೆ ನಿರಪಾಯ ವಸ್ತುಗಳಾಗಿ ಮಾರ್ಪಡಿಸುತ್ತದೆ. ಅದನ್ನು ತೆಗೆದರೆ ಲಾಭ ಒಬ್ಬನಿಗೆ, ನಷ್ಟ ಅವನ ಹಿಂದೆ ಬರುವ ಎಲ್ಲರಿಗೆ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಅಡ್ಡಿಮಾಡುತ್ತದೆ. ಕಾನೂನಿಲ್ಲದಿದ್ದರೂ ನಡುರಾತ್ರಿಯಲ್ಲಿ ಬೀದಿಯನ್ನೆಲ್ಲ ಎಬ್ಬಿಸುವ ಸದ್ದಿಗೆ ವಿಜ್ಞಾನದ ಸಮರ್ಥನೆ ಸಿಗುವುದಿಲ್ಲ. ಪಂದ್ಯದ ಹಾದಿಯಲ್ಲಿ ಓಡಿಸುವವರ ಮಾತು ಬೇರೆ. ಅಲ್ಲಿ ಒಂದೂವರೆ ದಶಮಾಂಶ ಸೆಕೆಂಡೇ ಗೆಲುವು ಸೋಲುಗಳನ್ನು ನಿರ್ಧರಿಸಬಹುದು. ಅವರು ಅಳೆಯುವುದನ್ನೂ ಬಲ್ಲರು.

ಸದ್ದಿನ ಸೊಗಸಿಗಾಗಿ, ನೋಟದ ಚೆಲುವಿಗಾಗಿ, ನಿಯಮದ ಮಿತಿಯೊಳಗೆ ಕೊಳವೆಯನ್ನು ಬದಲಿಸುವವರೊಡನೆ ನಮಗೆ ಜಗಳವಿಲ್ಲ. ಅಭಿರುಚಿಗೆ ತಕ್ಕಡಿಯಿಲ್ಲ. ಆದರೆ ಅಶ್ವಶಕ್ತಿಗೆ ತಕ್ಕಡಿಯಿದೆ. ಇಷ್ಟು ಅಶ್ವಶಕ್ತಿ ಹೆಚ್ಚುವುದೆಂದು ಅಂಗಡಿಯವನು ಹೇಳಿದಾಗ ಕೊಳ್ಳುವವನು ಮೂರು ಪ್ರಶ್ನೆಗಳನ್ನು ಕೇಳಲಿ: ಮೊದಲು ಅಳೆದಿರಾ? ಅದೇ ದಿನ ಅಳೆದಿರಾ? ಟರ್ಬೊದ ಒತ್ತಡ ಎರಡು ಸಲವೂ ಒಂದೇ ಇತ್ತೆ? ಈ ಮೂರಕ್ಕೂ ಉತ್ತರ ಬಂದಲ್ಲಿ ಹಣದ ಚೀಲವನ್ನು ಬಿಚ್ಚುವ ವಿಚಾರ ಮಾಡಬಹುದು; ಬಾರದಿದ್ದಲ್ಲಿ ಚೀಲವನ್ನು ಕಟ್ಟಿಕೊಂಡು ಮನೆಗೆ ಹಿಂದಿರುಗುವುದೇ ಜಾಣತನ.